ಜಡ್ಜು ಯಾವೂರವರು?

ಕಾವೇರಿ ವಿಷಯದಲ್ಲಿ ದಿಲ್ಲಿಯಿಂದ ಒಂದು ಆದೇಶ ಬಂತೆಂದರೆ ನಮ್ಮ ಮಂಡ್ಯ ಸೀಮೆಯಲ್ಲಿ ಎರಡು ಪ್ರಶ್ನೆ ಒಟ್ಟಿಗೇ ಏಳುತ್ತವೆ. ಎಷ್ಟು ಕ್ಯೂಸೆಕ್ ಅನ್ನುವುದು ಒಂದು, ಜಡ್ಜು ಯಾವೂರವರು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಟಿ.ವಿ.ಯವರೇ ಉತ್ತರ ಕೊಡುತ್ತಾರೆ. ಎರಡನೆಯದನ್ನು ಕೇಳಿಕೊಂಡು ಜನ ವಕೀಲರ ಹತ್ತಿರ ಬರುತ್ತಾರೆ. ಮದ್ದೂರು, ಮಳವಳ್ಳಿ ಕೋರ್ಟುಗಳಲ್ಲೇ ಕರಿಕೋಟು ಹಾಕಿಕೊಂಡು ತಲೆ ನೆರೆದವನು ನಾನು. ಈ ಪ್ರಶ್ನೆ ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಛತ್ರದಲ್ಲಿ, ಒಮ್ಮೆ ಸಾವಿನ ಮನೆಯಲ್ಲೂ ನನ್ನ ಮುಂದೆ ಬಂದದ್ದುಂಟು. ಆದರೆ ಅದನ್ನು ಬುಡಸಮೇತ ಅಗೆದು ನೋಡಿದ್ದು ಒಂದೇ ರಾತ್ರಿ. ಆ ರಾತ್ರಿಯ ಕಥೆಯನ್ನು ಇವತ್ತು ಹೇಳಿಬಿಡುತ್ತೇನೆ.

2016ರ ಸೆಪ್ಟೆಂಬರ್. ಮಳೆ ಕೈಕೊಟ್ಟ ವರ್ಷ. 5ನೇ ತಾರೀಕು ಸುಪ್ರೀಂ ಕೋರ್ಟು, ಹತ್ತು ದಿನ ದಿನಕ್ಕೆ 15,000 ಕ್ಯೂಸೆಕ್‌ನಂತೆ ತಮಿಳುನಾಡಿಗೆ ನೀರು ಬಿಡಿ ಎಂದಿತು. ಮರುದಿನವೇ ಮಂಡ್ಯ ಬಂದ್, 9ಕ್ಕೆ ಇಡೀ ಕರ್ನಾಟಕ ಬಂದ್. 12ರಂದು ಆದೇಶ ಬದಲಾಗಿ, 20ರವರೆಗೆ 12,000 ಕ್ಯೂಸೆಕ್ ಎಂದಾಯಿತು. ಅದೇ ದಿನ ಬೆಂಗಳೂರು ಹೊತ್ತಿಕೊಂಡಿತು. ನಿಲ್ಲಿಸಿದ್ದ ಬಸ್ಸುಗಳು ಸಾಲುಸಾಲಾಗಿ ಸುಟ್ಟವು, ಕರ್ಫ್ಯೂ ಬಿತ್ತು, ಜೀವಗಳೂ ಹೋದವು. 19ರಂದು ಮೇಲುಸ್ತುವಾರಿ ಸಮಿತಿ 3,000 ಕ್ಯೂಸೆಕ್ ಸಾಕು ಎಂದಿತು. ಉಸಿರು ಬಿಡುವಷ್ಟರಲ್ಲಿ 20ರ ಮಂಗಳವಾರ ಕೋರ್ಟು ಅದನ್ನು 6,000ಕ್ಕೆ ಏರಿಸಿ, ನಾಲ್ಕು ವಾರದಲ್ಲಿ ಕಾವೇರಿ ನಿರ್ವಹಣಾ ಮಂಡಳಿಯನ್ನೂ ರಚಿಸಿ ಎಂದು ಕೇಂದ್ರಕ್ಕೆ ಹೇಳಿತು.

ಆ ಮಂಗಳವಾರ ಸಂಜೆ ನಾನು ಮಳವಳ್ಳಿಯಿಂದ ಮದ್ದೂರಿಗೆ ಬೈಕಿನಲ್ಲಿ ಹೊರಟಿದ್ದೆ. ದಾರಿಯಲ್ಲಿ ಟೈರು ಉರಿಯುತ್ತಿತ್ತು. ಹುಡುಗರು ಅಡ್ಡ ಹಾಕಿ, "ಲಾಯರಣ್ಣ, ಇವತ್ತು ಆ ಕಡೆ ಹೋಗಬೇಡಿ" ಅಂದರು. ಅವರ ಕಣ್ಣಿನಲ್ಲಿದ್ದದ್ದು ಪುಂಡಾಟವಲ್ಲ, ಮನೆಯಲ್ಲಿ ಯಾರಿಗೋ ಕಾಯಿಲೆ ಬಂದಾಗ ಕಾಣುತ್ತದಲ್ಲ, ಅಂಥ ಕಳವಳ. ಬೈಕು ತಿರುಗಿಸಿ ನಮ್ಮವ್ವನ ಅಕ್ಕನ ಗಂಡನ ಊರಿಗೆ ಹೋದೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಊರು ಅದು. ಕೆ.ಆರ್.ಎಸ್. ತುಂಬಿ 124.80 ಅಡಿ ಮುಟ್ಟಿದ ವರ್ಷವೂ ಅಲ್ಲಿಗೆ ನೀರು ತಲುಪುವುದು ಮೇಲಿನವರೆಲ್ಲ ಕುಡಿದು ಬಿಟ್ಟ ಮೇಲೆ. ದೊಡ್ಡಪ್ಪ ಮನೆಯಲ್ಲಿರಲಿಲ್ಲ. "ಆಲೆಮನೆ ತಾವ ಅವ್ರೆ, ಓಗಪ್ಪ, ಊಟ ಅಲ್ಲಿಗೇ ಕಳುಸ್ತೀನಿ" ಅಂದಳು ದೊಡ್ಡವ್ವ.

ಬೋರ್‌ವೆಲ್ ಇದ್ದವರ ಕಬ್ಬು ಮಾತ್ರ ಬದುಕಿದ್ದ ಕಾಲ. ಅಂಥದೊಂದು ಕಬ್ಬು ಆ ರಾತ್ರಿ ಬೇಯುತ್ತಿತ್ತು. ಒಲೆಯ ಬಾಯಿಗೆ ಒಬ್ಬ ಒಣ ಸಿಪ್ಪೆ ತಳ್ಳುತ್ತಿದ್ದ. ಕೊಪ್ಪರಿಗೆಯಲ್ಲಿ ಹಾಲು ಕೊತಕೊತ ಕುದ್ದು ಮೇಲೆದ್ದ ಕೊಳೆನೊರೆಯನ್ನು ಇನ್ನೊಬ್ಬ ಉದ್ದನೆಯ ಜರಡಿ ಸೌಟಿನಲ್ಲಿ ಎತ್ತಿ ಎತ್ತಿ ಚೆಲ್ಲುತ್ತಿದ್ದ. ಹದ ನೋಡುವ ಗೌಡರು ಪಕ್ಕದಲ್ಲಿ ತಣ್ಣೀರಿನ ಬಟ್ಟಲು ಇಟ್ಟುಕೊಂಡಿದ್ದರು. ಪಾಕದ ಒಂದು ತೊಟ್ಟು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆಗಟ್ಟಿ, ಬಟ್ಟಲಿನ ಅಂಚಿಗೆ ತಟ್ಟಿ ಅದರ ಸದ್ದು ಕೇಳುತ್ತಿದ್ದರು. ಒಲೆಯ ಸುತ್ತ ಹತ್ತು ಹನ್ನೆರಡು ಜನ. ನಾಲೆಯ ನೀರು ನಂಬಿ ಒಟ್ಲು ಬಿಟ್ಟಿದ್ದವರೇ ಹೆಚ್ಚು. ಪೈರು ನಾಟಿಗೆ ಬಂದಿತ್ತು, ಗದ್ದೆ ಬಾಯಿಬಿಟ್ಟಿತ್ತು.

ನಾನು ಕೂರುವ ಮೊದಲೇ ಪ್ರಶ್ನೆ ಬಂತು. ಕೇಳಿದವನು ಬೆಂಗಳೂರಲ್ಲಿ ಕೆಲಸದಲ್ಲಿದ್ದು, ಗಲಾಟೆ ಶುರುವಾದ ಮೇಲೆ ಊರಿಗೆ ಬಂದಿದ್ದ ಹುಡುಗ. ಮೊಬೈಲು ನನ್ನ ಮುಖಕ್ಕೆ ಹಿಡಿದ. "ನೋಡಿ ಸಾರ್, ಜಡ್ಜು ತಮಿಳ್ನಾಡು ಕಡೆಯೋರಂತೆ. ಇಂಥ ಕೇಸಲ್ಲಿ ಅವ್ರು ಕೂರಬಾರ್ದು ಅಲ್ವಾ?"

ವಾಟ್ಸ್ಯಾಪಿನಲ್ಲಿ ಯಾರೋ ಬರೆದು ಹಬ್ಬಿಸಿದ ಸಾಲು. ನಾನು ಹೇಳಿದೆ: "ಪೀಠದಲ್ಲಿರೋದು ಇಬ್ಬರು. ದೀಪಕ್ ಮಿಶ್ರಾ ಒಡಿಶಾದವರು. ಯು.ಯು. ಲಲಿತ್ ಮಹಾರಾಷ್ಟ್ರದವರು. ಇಬ್ಬರಿಗೂ ಕಾವೇರಿ ಕಡೆ ನೆಂಟಸ್ತನ ಇಲ್ಲ."

ಒಲೆಯ ಹತ್ತಿರ ಸ್ವಲ್ಪ ಹೊತ್ತು ಮಾತು ನಿಂತಿತು. ಆಮೇಲೆ ಮೂಲೆಯಿಂದ ಒಬ್ಬರು ಅಂದರು: "ನಮ್ಮೋರು ಒಬ್ರು ಇದ್ದಿದ್ರೆ ಇಂಗಾಗ್ತಿರ್ಲಿಲ್ಲ ಬುಡಿ. ನಮ್ಮ್ ಪಾಂಡವಪುರ ತಾಲೂಕ್ನೋರೇ ದಿಲ್ಲೀಲಿ ದೊಡ್ಡ್ ಜಡ್ಜಾಗಿದ್ರಲ್ಲ."

ಅವರು ಹೇಳಿದ್ದು ಎಂಗಲಗುಪ್ಪೆಯ ಇ.ಎಸ್. ವೆಂಕಟರಾಮಯ್ಯನವರ ವಿಷಯ. ನಮ್ಮ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿ 1989ರ ಜೂನ್‌ನಿಂದ ಡಿಸೆಂಬರ್‌ವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಮಂಡ್ಯದವರು ಈ ಹೆಮ್ಮೆಯನ್ನು ಬಿಟ್ಟುಕೊಡುವುದಿಲ್ಲ, ಬಿಟ್ಟುಕೊಡಬೇಕಾದ್ದೂ ಇಲ್ಲ. ಆದರೆ ಆ ಹೆಮ್ಮೆಯ ಬೆನ್ನಿಗೇ ಒಂದು ಗೊಂದಲವೂ ಬಂದು ಕೂತಿತ್ತು. ನಾನು ಅದನ್ನೇ ಕೇಳಿದೆ: "ಅಣ್ಣ, ತಮಿಳಿನವರಾದರೆ ಏಳಬೇಕು, ನಮ್ಮವರಾದರೆ ಕೂರಬೇಕು ಅಂದ್ರೆ ಅದು ನ್ಯಾಯ ಕೇಳಿದಂಗಾಯ್ತಾ, ನೀರು ಕೇಳಿದಂಗಾಯ್ತಾ?"

"ನೀರೇ ಕೇಳ್ತಿರೋದು ಕಣಪ್ಪ, ಇನ್ನೇನ್ ಕೇಳಾನ?" ಅಂದರು ಅವರು. ಎದೆಯಿಂದ ಬಂದ ಮಾತು. ಬಾಯಿಬಿಟ್ಟ ಗದ್ದೆಯವನಿಗೆ ನಾನು ತತ್ತ್ವ ಹೇಳಲು ಹೋದದ್ದು ಸಮಯವಲ್ಲದ ಸಮಯ. ಆದರೂ ಆ ಹೊತ್ತಿನಲ್ಲೇ ಅದನ್ನು ಆಡಬೇಕು ಎಂದು ನನಗೆ ಈಗಲೂ ಅನಿಸುತ್ತದೆ. ನೀರು ಧಾರಾಳವಾಗಿರುವ ವರ್ಷದಲ್ಲಿ ಜಡ್ಜು ಯಾರೆಂದು ಯಾರೂ ಕೇಳುವುದಿಲ್ಲವಲ್ಲ.

ದೊಡ್ಡಪ್ಪ ಅಲ್ಲಿಯವರೆಗೂ ಮಾತಾಡಿರಲಿಲ್ಲ. ಸಿಪ್ಪೆಯ ಕಂತೆಗೆ ಒರಗಿ ಎಲೆಯಡಿಕೆ ಹಾಕಿಕೊಂಡಿದ್ದವರು ಉಗಿದು ಬಂದು ಕೂತರು.

"ಮಗಾ, ನಮ್ಮ್ ತೂಬಿನ್ ಪಂಚಾಯ್ತಿ ನಿಂಗೆ ಗೊತ್ತಿಲ್ಲ, ನೀನಾಗ ಚಿಕ್ಕೋನು" ಎಂದು ಶುರುಮಾಡಿದರು. ಕಟ್ಟು ನೀರಿನ ಕಾಲ. ಇಷ್ಟು ದಿನ ನೀರು, ಇಷ್ಟು ದಿನ ಬಂದ್. ನೀರು ಬಂದ ದಿನಗಳಲ್ಲಿ ಯಾರ ಗದ್ದೆಗೆ ಮೊದಲು ಎನ್ನುವ ಜಗಳ ಊರಿನ ಯಜಮಾನರ ಮುಂದೆ ಬಂತು. ತೂಬು ಎತ್ತಿ ಇಳಿಸುವ ಸೌಡಿಯ ಮೇಲೆ ಊರಿಗೆ ನಂಬಿಕೆ ಇರಲಿಲ್ಲ. ಯಜಮಾನರ ಮೇಲೆ ಇತ್ತು, ಊರಿಗೇ ದೊಡ್ಡ ಮನುಷ್ಯ. ಎಲ್ಲರೂ ಜಗಲಿಯ ಮೇಲೆ ಕೂತಾಗ, ಇನ್ನೂ ಮಾತು ಶುರುವಾಗುವ ಮೊದಲು, ಕೊನೆ ಗದ್ದೆಯ ಒಬ್ಬ ವಿಧವೆ ಕಂಬದ ಹಿಂದಿನಿಂದ ಕೇಳಿದಳಂತೆ: "ಸ್ವಾಮಿ, ತಪ್ಪು ತಿಳೀಬೇಡಿ, ನಿಮ್ ಗದ್ದೇನೂ ಇದೇ ತೂಬಿನ ಕೆಳಗಲ್ವಾ?"

"ಜಗಲಿ ಮ್ಯಾಲೆ ಒಬ್ರೂ ಉಸುರೆತ್ತಲಿಲ್ಲ ಕಣ್ಲಾ. ಯಜಮಾನ್ರು ಆಯಮ್ಮನ ಮಖ ನೋಡುದ್ರು. ಟವಲ್ಲು ಕೊಡವಿ ಎಗಲ ಮ್ಯಾಕೆ ಆಕ್ಕೊಂಡ್ರು. ‘ದಿಟ ಕಣವ್ವ, ನಂಗೆ ನೆಪ್ಪಾಗ್ಬೇಕಿತ್ತು’ ಅಂದ್ರು. ಎದ್ದೋಗಿ ಜಗಳದೋರ ಸಾಲ್ನಾಗೆ ಕೂತ್ರು. ಬೇರೆ ತೂಬಿನ್ ಗೌಡುನ್ನ ಕರುಸ್ದೊ."

"ಆ ಬೇರೆ ಗೌಡ ಏನು ತೀರ್ಮಾನ ಕೊಟ್ಟ?" ಎಂದು ಹುಡುಗ ಕೇಳಿದ.

"ಯಜಮಾನ್ರು ಮನಸ್ನಾಗೆ ಏನಿತ್ತೋ ಅದುನ್ನೇ ಕೊಟ್ಟ ಅಂತ ಕಾಣ್ತದೆ. ಆದ್ರೆ ಆಯಮ್ಮ ಮರುಮಾತಾಡದೆ ಒಪ್ಕೊಂಡ್ಳು."

ಕಾನೂನು ಪುಸ್ತಕಗಳಲ್ಲಿ ನಾನು ಓದಿದ್ದೆಲ್ಲ ಆ ಜಗಲಿಯ ಮೇಲೆ ಆಗಿಹೋಗಿತ್ತು. ನನಗೆ ಉತ್ಸಾಹ ಬಂದುಬಿಟ್ಟಿತು. ನಾಲೆ ಕೇಸೇ ಒಂದಿದೆ ಕೇಳಿ ಎಂದು ಇಂಗ್ಲೆಂಡಿನ ಡೈಮ್ಸ್ ಪ್ರಕರಣ ಹೇಳಿದೆ. ಗ್ರ್ಯಾಂಡ್ ಜಂಕ್ಷನ್ ಎಂಬ ನಾಲೆ ಕಂಪನಿಗೂ, ನಾಲೆ ಹಾದುಹೋದ ಜಮೀನಿನ ಒಡೆತನ ಹೇಳುತ್ತಿದ್ದ ಡೈಮ್ಸ್ ಎಂಬಾತನಿಗೂ ವ್ಯಾಜ್ಯ. ಕಂಪನಿಯ ಪರವಾಗಿದ್ದ ತೀರ್ಪನ್ನು ಲಾರ್ಡ್ ಕಾಟನ್‌ಹ್ಯಾಮ್ ಎತ್ತಿಹಿಡಿದ. ಇಡೀ ದೇಶದ ನ್ಯಾಯಾಂಗದ ತುದಿಯಲ್ಲಿ ಕೂತಿದ್ದ ಲಾರ್ಡ್ ಚಾನ್ಸಲರ್ ಅವನು. ಆಮೇಲೆ ಗೊತ್ತಾಯಿತು, ಅದೇ ನಾಲೆ ಕಂಪನಿಯಲ್ಲಿ ಅವನ ಷೇರುಗಳಿದ್ದವು. 1852ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವನ ಆದೇಶವನ್ನು ರದ್ದುಮಾಡಿತು. ಆ ಷೇರಿನ ಆಸೆಗೆ ಬಿದ್ದು ಆತ ಹಾಗೆ ತೀರ್ಪು ಕೊಟ್ಟ ಎಂದು ಯಾರೂ ಹೇಳಲಿಲ್ಲ, ಯಾರಿಗೂ ಅಂಥ ಅನುಮಾನವೂ ಇರಲಿಲ್ಲ. ಆದರೂ ಅವನ ಗದ್ದೆ ಅದೇ ತೂಬಿನ ಕೆಳಗಿತ್ತು.

ಹದ ನೋಡುತ್ತಿದ್ದ ಗೌಡರು ಬಟ್ಟಲು ಕೆಳಗಿಟ್ಟು ಕೇಳಿದರು: "ಅಲ್ಲಾ ಲಾಯರಪ್ಪ, ಆ ಜಡ್ಜು ‘ನನ್ ಮನಸು ಸುದ್ದವಾಗದೆ’ ಅಂದ್ರೆ? ಅದುನ್ನ ಇಲ್ಲ ಅನ್ನಕ್ಕೆ ಯಾರ್ಗೆ ಆಯ್ತದೆ?"

ಈ ಪ್ರಶ್ನೆಗೆ ಉತ್ತರ ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ಎಂ.ಎನ್. ವೆಂಕಟಾಚಲಯ್ಯನವರು. 1987ರ ರಂಜಿತ್ ಠಾಕೂರ್ ಪ್ರಕರಣ. ಸೇನೆಯಲ್ಲಿ ಸಿಗ್ನಲ್‌ಮನ್ ಆಗಿದ್ದವನೊಬ್ಬ ತನ್ನ ಕಮಾಂಡಿಂಗ್ ಆಫೀಸರು ಕಿರುಕುಳ ಕೊಡುತ್ತಾನೆಂದು ಮೇಲಿನವರಿಗೆ ನೇರವಾಗಿ ದೂರು ಬರೆದ. ಹಾಗೆ ಬರೆದದ್ದೇ ತಪ್ಪೆಂದು ಶಿಕ್ಷೆಯಾಯಿತು. ಶಿಕ್ಷೆ ಅನುಭವಿಸುತ್ತಿದ್ದಾಗ ಊಟ ಮಾಡು ಎಂದರೆ ಮಾಡಲಿಲ್ಲ. ಅದಕ್ಕೆ ಇನ್ನೊಂದು ವಿಚಾರಣೆ, ಒಂದು ವರ್ಷ ಜೈಲು, ಕೆಲಸದಿಂದ ವಜಾ. ವಿಚಾರಣೆ ನಡೆಸಿದವರ ಸಾಲಿನಲ್ಲಿ, ಯಾರ ಮೇಲೆ ಆತ ದೂರು ಕೊಟ್ಟಿದ್ದನೋ ಅದೇ ಆಫೀಸರು ಕೂತಿದ್ದ. ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ಕಿತ್ತುಹಾಕಿತು. ನನ್ನ ಮನಸ್ಸಿನಲ್ಲಿ ಪಕ್ಷಪಾತ ಇದೆಯೇ ಎಂದು ನ್ಯಾಯಾಧೀಶ ತನ್ನೊಳಗೆ ನೋಡಿಕೊಂಡರೆ ಸಾಲದು, ಮುಂದೆ ನಿಂತ ಕಕ್ಷಿದಾರನ ಮನಸ್ಸಿನೊಳಗೆ ಇಣುಕಿ ನೋಡಬೇಕು ಎಂಬ ಅರ್ಥದಲ್ಲಿ ವೆಂಕಟಾಚಲಯ್ಯನವರು ಬರೆದರು.

ಊಟ ಬೇಡವೆಂದ ಸಿಪಾಯಿಯ ಕಥೆ ಒಲೆಯ ಸುತ್ತ ಕೂತವರಿಗೆ ಬಹಳ ಹಿಡಿಸಿತು. ಸಿಪ್ಪೆ ತಳ್ಳುತ್ತಿದ್ದವನೂ ಕೈ ನಿಲ್ಲಿಸಿದ. "ಉರಿ ಇಳೀತದೆ ಕಣೋ" ಎಂದು ಗೌಡರು ಗದರಿದ ಮೇಲೆ ಮತ್ತೆ ಕೆಲಸ ಹಿಡಿದ.

ಹುಡುಗ ಮಾತ್ರ ಬಿಡಲಿಲ್ಲ. "ಹಂಗಾದ್ರೆ ಸಾರ್, ನಮ್ಮ ಮನಸೊಳಗೆ ಅನುಮಾನ ಇದೆಯಲ್ಲ, ಅದು ಸಾಕಲ್ವಾ?"

ಒಳ್ಳೆಯ ಪ್ರಶ್ನೆ, ಇಡೀ ರಾತ್ರಿಯ ಗಟ್ಟಿ ಪ್ರಶ್ನೆ ಅದೇ. ಅನುಮಾನ ಅಂದ ಮಾತ್ರಕ್ಕೆ ಸಾಲದು, ವಿಚಾರವಂತನಾದ ಮನುಷ್ಯನಿಗೆ ಅನುಮಾನ ಬರುವಂಥ ಕಾರಣ ಇರಬೇಕು. ಷೇರು ಇರಬೇಕು, ನೆಂಟಸ್ತನ ಇರಬೇಕು, ಹಿಂದೆ ಅದೇ ಕೇಸಿನಲ್ಲಿ ವಕೀಲನಾಗಿ ನಿಂತಿರಬೇಕು. ಅದಕ್ಕಿಂತ ಮುಖ್ಯ, ಕಾರಣ ಗೊತ್ತಾದ ಕೂಡಲೇ ಎತ್ತಬೇಕು. 1957ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಮಾಣಕ್ ಲಾಲ್ ಪ್ರಕರಣ ನೋಡಿ. ರಾಜಸ್ಥಾನದ ಒಬ್ಬ ವಕೀಲನ ಮೇಲೆ ದುರ್ನಡತೆಯ ವಿಚಾರಣೆ ನಡೆಯಿತು. ವಿಚಾರಣೆ ಮಂಡಳಿಯ ಅಧ್ಯಕ್ಷ ಹಿಂದೊಮ್ಮೆ ದೂರುದಾರನ ಪರವಾಗಿಯೇ ಕೋರ್ಟಿನಲ್ಲಿ ನಿಂತಿದ್ದವನು. ಅವನು ಆ ಮಂಡಳಿಯಲ್ಲಿ ಇರಬಾರದಿತ್ತು ಎಂದು ಸುಪ್ರೀಂ ಕೋರ್ಟು ಒಪ್ಪಿತು. ಒಪ್ಪಿಯೂ ಮಾಣಕ್ ಲಾಲನ ಮಾತನ್ನು ತಳ್ಳಿಹಾಕಿತು. ಮೊದಲಿನಿಂದ ಗೊತ್ತಿದ್ದೂ ಸುಮ್ಮನಿದ್ದು, ಫಲಿತಾಂಶ ತನಗೆ ವಿರುದ್ಧ ಬಂದ ಮೇಲೆ ತಕರಾರು ತೆಗೆದದ್ದು ಸಲ್ಲದು ಎಂದಿತು.

"ಅದುಕ್ಕೇ ಆಯಮ್ಮ ಮೊದ್ಲೇ ಕೇಳಿದ್ದು" ಅಂದರು ದೊಡ್ಡಪ್ಪ. ಕಂಬದ ಹಿಂದೆ ನಿಂತ ಆ ಹೆಂಗಸು ಜಗಲಿಯ ಮೇಲಿದ್ದ ಗಂಡಸರೆಲ್ಲರಿಗಿಂತ ಕಾನೂನು ತಿಳಿದವಳಾಗಿದ್ದಳು.

ನಡುವೆ ಊಟ ಬಂತು. ಮುದ್ದೆ, ಅವರೆಕಾಳಿನ ಸಾರು. ಉಣ್ಣುತ್ತಲೇ ಗೌಡರು ಹಳೆಯ ಕಾಲಕ್ಕೆ ಹೋದರು. ಬ್ರಿಟಿಷರ ಕಾಲದಲ್ಲೂ ನಮಗೆ ಮೋಸವೇ ಆಯಿತು, ಮದ್ರಾಸು ಅವರದೇ ಆಳ್ವಿಕೆಯಲ್ಲಿತ್ತಲ್ಲ ಎಂದರು. ಅರ್ಧ ನಿಜ. ಇನ್ನರ್ಧ ನನಗೆ ಯಾವಾಗಲೂ ಅಚ್ಚರಿ ತರುವಂಥದು. ಕನ್ನಂಬಾಡಿ ಕಟ್ಟೆ ಎಷ್ಟು ಎತ್ತರ ಕಟ್ಟಬಹುದು ಎಂದು ಮೈಸೂರಿಗೂ ಮದ್ರಾಸಿಗೂ ತಕರಾರಾದಾಗ 1913ರಲ್ಲಿ ಪಂಚಾಯಿತಿಗೆ ಕೂತವರು ಅಲಹಾಬಾದ್ ಹೈಕೋರ್ಟಿನ ಜಡ್ಜು ಸರ್ ಎಚ್.ಡಿ. ಗ್ರಿಫಿನ್. ಜೊತೆಗೆ ನೀರಾವರಿ ಇಲಾಖೆಯ ನೆದರ್‌ಸೋಲ್. ನೇಮಿಸಿದವರು ಬ್ರಿಟಿಷರು, ಎದುರುಪಕ್ಷವೂ ಬ್ರಿಟಿಷರ ಪ್ರಾಂತ್ಯ. ನಮ್ಮ ವಾಟ್ಸ್ಯಾಪ್ ಲೆಕ್ಕದಲ್ಲಿ ಅವರನ್ನು ಒಂದು ದಿನವೂ ಕೂರಲು ಬಿಡಬಾರದಿತ್ತು. ಆದರೆ 1914ರ ಮೇ ತಿಂಗಳಲ್ಲಿ ಗ್ರಿಫಿನ್ ಕೊಟ್ಟ ತೀರ್ಮಾನ ಮೈಸೂರಿಗೆ ಕಟ್ಟೆ ಕಟ್ಟುವ ದಾರಿ ಬಿಟ್ಟುಕೊಟ್ಟಿತು. ಮದ್ರಾಸು ಅದನ್ನು ಒಪ್ಪದೆ ಲಂಡನ್ನಿನಲ್ಲಿದ್ದ ಸೆಕ್ರೆಟರಿ ಆಫ್ ಸ್ಟೇಟ್‌ವರೆಗೂ ಹೋಗಿ ತಡೆಸಿತು. ಆಮೇಲೆ ವರ್ಷಗಟ್ಟಲೆ ಮಾತುಕತೆಯಾಗಿ 1924ರ ಒಪ್ಪಂದ ಬಂತು. ನ್ಯಾಯಾಧೀಶನ ಆಸನದಲ್ಲಿ ಕೂತ ಬ್ರಿಟಿಷನಿಂದಲ್ಲ, ಅವನ ತಲೆಯ ಮೇಲಿದ್ದ ಅಧಿಕಾರದಿಂದ ಮೈಸೂರಿಗೆ ಅಡ್ಡಿಯಾಯಿತು. ಈ ವ್ಯತ್ಯಾಸವನ್ನು ನಾವು ಮರೆಯಬಾರದು.

ಇದಾದ ಮೇಲೆ ನಾನು ಇನ್ನೊಂದು ಮಾತು ತೆಗೆದೆ. ಆ ರಾತ್ರಿ, ಆ ಜಾಗದಲ್ಲಿ, ಅದನ್ನು ಹೇಳುವುದು ಸುಲಭವಿರಲಿಲ್ಲ.

1991. ಚಿತ್ತತೋಷ್ ಮುಖರ್ಜಿಯವರ ಅಧ್ಯಕ್ಷತೆಯ ಕಾವೇರಿ ನ್ಯಾಯಮಂಡಳಿ ಜೂನ್ 25ರಂದು ಮಧ್ಯಂತರ ಆದೇಶ ಕೊಟ್ಟು, ವರ್ಷಕ್ಕೆ 205 ಟಿ.ಎಂ.ಸಿ. ನೀರು ತಮಿಳುನಾಡಿಗೆ ಹೋಗಬೇಕು ಎಂದಿತು. ಸಿಡಿಲು ಬಡಿದ ಹಾಗಾಯಿತು. ಮುಖ್ಯಮಂತ್ರಿ ಬಂಗಾರಪ್ಪನವರು ಜುಲೈ 25ಕ್ಕೆ ಕಾವೇರಿ ಕೊಳ್ಳದ ನೀರಾವರಿ ರಕ್ಷಣೆಗೆಂದು ಸುಗ್ರೀವಾಜ್ಞೆ ತಂದರು. ಆಗ ನಾನು ಹೊಸದಾಗಿ ಸನ್ನದು ಪಡೆದ ಜೂನಿಯರ್. ಮಂಡ್ಯದಲ್ಲಿ ಜನ ಕುಣಿದಾಡಿದ್ದು ನೋಡಿದ್ದೇನೆ, ಅವರ ನಡುವೆ ನಾನೂ ಇದ್ದೆ. ರಾಷ್ಟ್ರಪತಿಗಳು ಈ ಸುಗ್ರೀವಾಜ್ಞೆ ಸಿಂಧುವೇ ಎಂದು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಐವರ ಪೀಠ ಕೂತಿತು. ರಂಗನಾಥ ಮಿಶ್ರಾ, ಕೆ.ಎನ್. ಸಿಂಗ್, ಅಹ್ಮದಿ, ಕುಲದೀಪ್ ಸಿಂಗ್, ಸಾವಂತ್. ಅವರಲ್ಲಿ ಕನ್ನಡಿಗರೂ ಇಲ್ಲ, ತಮಿಳರೂ ಇಲ್ಲ. ನವೆಂಬರ್ 22ಕ್ಕೆ ಅವರು ಕೊಟ್ಟ ಅಭಿಪ್ರಾಯ ಸುಗ್ರೀವಾಜ್ಞೆಯನ್ನು ಬಿದ್ದುಹೋಗುವಂತೆ ಮಾಡಿತು. ಅದರಲ್ಲಿ ಒಂದು ಮಾತು ನನ್ನನ್ನು ತಡೆದು ನಿಲ್ಲಿಸಿತು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶ ಆಗಲು ಹೊರಟಿದೆ ಎಂಬುದು ಕರ್ನಾಟಕದ ಮೇಲೆ ಬಂದ ಆಕ್ಷೇಪ.

ಇದನ್ನು ಹೇಳಿದಾಗ ಮೂಲೆಯಲ್ಲಿದ್ದವರು ಎದ್ದು ನಿಂತರು. "ನೀನು ಯಾರ್ ಕಡೆ ಕಣಯ್ಯಾ? ನಮ್ಮ್ ನೀರು ನಾವು ಉಳಿಸ್ಕೊಂಡ್ರೆ ತಪ್ಪಾ?" ಅವರ ಕಣ್ಣು ಕೆಂಪಾಗಿತ್ತು. ನಾನೂ ಎದ್ದು ನಿಂತೆ. "ಅಣ್ಣ, ಉಳಿಸ್ಕೊಳ್ಳೋದು ತಪ್ಪಲ್ಲ. 205 ಹೆಚ್ಚಾಯ್ತು ಅಂತ ಜಗಳಾಡೋದೂ ತಪ್ಪಲ್ಲ, ನಾನೂ ಆಡ್ತೀನಿ. ಆದ್ರೆ ಯಜಮಾನ್ರು ಟವಲ್ ಕೊಡವಿ ಎದ್ದಿದ್ದು ಸರಿ ಅಂದ ಮೇಲೆ, ನಾವೇ ಯಜಮಾನ್ರಾಗಿ ನಮ್ ಗದ್ದೆಗೆ ನಾವೇ ಬರ್ಕೊಳ್ಳೋದನ್ನ ಸರಿ ಅನ್ನಕ್ಕಾಗಲ್ಲ."

ದೊಡ್ಡಪ್ಪ ಅವರ ಕೈ ಹಿಡಿದು ಕೂರಿಸಿದರು. ಆ ಮನುಷ್ಯನ ಸಾಲದ ವಿಷಯ ಊರಿಗೆಲ್ಲ ಗೊತ್ತಿತ್ತು. ಯಾರೂ ಅದನ್ನು ಬಾಯಿಗೆ ತರಲಿಲ್ಲ.

ಆಗ ಹುಡುಗನಿಗೇ ಒಂದು ನೆನಪಾಯಿತು. ಎರಡು ವರ್ಷದ ಹಿಂದೆ, 2014ರ ಸೆಪ್ಟೆಂಬರ್ 27ರಂದು, ಬೆಂಗಳೂರಿನ ವಿಶೇಷ ನ್ಯಾಯಾಲಯದ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹ ಅವರು ಜಯಲಲಿತಾ ಅವರಿಗೆ ಶಿಕ್ಷೆ ವಿಧಿಸಿದ ದಿನ. ಜಯಲಲಿತಾ ಹುಟ್ಟಿದ್ದು ನಮ್ಮದೇ ಮೇಲುಕೋಟೆಯಲ್ಲಿ. ಅವರ ಕೇಸು ಬೆಂಗಳೂರಿಗೆ ಬಂದದ್ದೇ ನಿಷ್ಪಕ್ಷಪಾತದ ಪ್ರಶ್ನೆಯಿಂದ. ಅವರೇ ಮುಖ್ಯಮಂತ್ರಿಯಾಗಿರುವ ರಾಜ್ಯದಲ್ಲಿ ವಿಚಾರಣೆ ನ್ಯಾಯವಾಗಿ ನಡೆಯುವುದು ಕಷ್ಟ ಎಂದು ಸುಪ್ರೀಂ ಕೋರ್ಟು 2003ರಲ್ಲಿ ಚೆನ್ನೈಯಿಂದ ಇತ್ತ ಕಳಿಸಿತ್ತು. "ಆಗ ಅಲ್ಲಿನೋರು, ಇದು ಕರ್ನಾಟಕದೋರು ಕಾವೇರಿ ಸೇಡು ತೀರಿಸ್ಕೊಂಡಿದ್ದು ಅಂತಿದ್ರು ಸಾರ್. ನನ್ನ ಆಫೀಸಲ್ಲೇ ಒಬ್ಬ ಜಗಳಕ್ಕೆ ಬಂದಿದ್ದ" ಅಂದ ಹುಡುಗ.

"ನೀನೇನಂದೆ?"

"ಜಡ್ಜು ಕಾಗದ ನೋಡಿ ತೀರ್ಪು ಕೊಡ್ತಾರೆ, ಊರು ನೋಡಿ ಕೊಡಲ್ಲ ಅಂದೆ."

ಹೇಳಿ ಮುಗಿಸಿ ಅವನೇ ಮೊಬೈಲು ಜೇಬಿಗೆ ಹಾಕಿದ. 2015ರ ಮೇ 11ಕ್ಕೆ ಕರ್ನಾಟಕ ಹೈಕೋರ್ಟಿನ ಸಿ.ಆರ್. ಕುಮಾರಸ್ವಾಮಿಯವರು ಅವರನ್ನು ಖುಲಾಸೆ ಮಾಡಿದ್ದನ್ನು ನಾನು ನೆನಪಿಸಿದೆ. ಶಿಕ್ಷೆ ಕೊಟ್ಟ ನ್ಯಾಯಾಲಯವೂ ಇಲ್ಲಿಯದೇ, ಬಿಡುಗಡೆ ಮಾಡಿದ ನ್ಯಾಯಾಲಯವೂ ಇಲ್ಲಿಯದೇ. ಆ ರಾತ್ರಿ ಕಳೆದ ಮರುವರ್ಷ, 2017ರ ಫೆಬ್ರುವರಿಯಲ್ಲಿ, ಸುಪ್ರೀಂ ಕೋರ್ಟು ಮೊದಲಿನ ಶಿಕ್ಷೆಯನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು.

ಪಾಕ ಹದಕ್ಕೆ ಬಂತು. ಎಲ್ಲರೂ ಎದ್ದು ಕೊಪ್ಪರಿಗೆ ಇಳಿಸಲು ಕೈ ಹಾಕಿದರು. ಅಚ್ಚಿಗೆ ಸುರಿಯುವ ಗಡಿಬಿಡಿಯಲ್ಲಿ ಮಾತು ಚದುರಿತು.

ಆಮೇಲಿನ ಕಥೆ ನಿಮಗೆ ಗೊತ್ತಿರುವುದೇ. ಮೂರು ದಿನಕ್ಕೆ ವಿಧಾನಮಂಡಲ ಸೇರಿ, ನೀರು ಕುಡಿಯುವುದಕ್ಕೆ ಮಾತ್ರ ಎಂದು ನಿರ್ಣಯ ಮಾಡಿತು. ನಮ್ಮ ಪರವಾಗಿ ದಶಕಗಳ ಕಾಲ ವಾದಿಸಿದ ಫಾಲಿ ನಾರಿಮನ್ ಅವರು, ಆದೇಶ ಪಾಲಿಸದ ರಾಜ್ಯದ ಪರ ಮಾತಾಡಲಾರೆ ಎಂದು ಸೆಪ್ಟೆಂಬರ್ ಕೊನೆಗೆ ಕೋರ್ಟಿನಲ್ಲಿ ಸುಮ್ಮನಾದರು. ಮಂಡ್ಯದಲ್ಲಿ ಅವರನ್ನು ಬೈದವರಿದ್ದಾರೆ. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಅಂದೇ. ಎರಡು ವರ್ಷ ಕಳೆಯುವ ಮೊದಲು, 2018ರ ಫೆಬ್ರುವರಿ 16ರಂದು, ಅಂತಿಮ ತೀರ್ಪು ಬಂತು. ಪೀಠದ ಮುಂದಾಳು ಅದೇ ದೀಪಕ್ ಮಿಶ್ರಾ. ನ್ಯಾಯಮಂಡಳಿ 2007ರಲ್ಲಿ ನಮಗೆ ಕೊಟ್ಟಿದ್ದ 270 ಟಿ.ಎಂ.ಸಿ. ಜೊತೆಗೆ 14.75 ಟಿ.ಎಂ.ಸಿ. ಸೇರಿಸಿದರು. ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ, ಉಳಿದ 10 ತಮಿಳುನಾಡಿನಲ್ಲಿ ಅಂತರ್ಜಲ ಇದೆ ಎಂಬ ಕಾರಣಕ್ಕೆ. ಬಿಳಿಗುಂಡ್ಲುವಿನಲ್ಲಿ ನಾವು ಹರಿಸಬೇಕಾದದ್ದು 192ರಿಂದ 177.25ಕ್ಕೆ ಇಳಿಯಿತು. ಮದ್ದೂರು ಬಾರ್‌ನಲ್ಲಿ ಒಬ್ಬರು ನನ್ನ ಬೆನ್ನು ತಟ್ಟಿ, "ಜಡ್ಜು ಅಂದ್ರೆ ಇವರಪ್ಪ" ಎಂದರು. 2016ರಲ್ಲಿ ಇದೇ ನಾಲಿಗೆಯಿಂದ ಬೇರೆ ಮಾತು ಕೇಳಿದ್ದೆ. ನಮಗೆ ನೀರು ಕೊಟ್ಟದ್ದರಿಂದ ಆ ನ್ಯಾಯಮೂರ್ತಿ ನಿಷ್ಪಕ್ಷಪಾತಿ ಎಂದು ಸಾಬೀತಾಗುವುದಿಲ್ಲ, ಕೊಡದೇ ಇದ್ದದ್ದರಿಂದ ಪಕ್ಷಪಾತಿ ಎಂದೂ ಆಗುವುದಿಲ್ಲ. ಎರಡು ಸಲವೂ ನಾವು ನೋಡಿದ್ದು ಕೊಳದಪ್ಪಲೆಯನ್ನು, ಅಳೆದ ಕೈಯನ್ನಲ್ಲ.

2016ರ ಪೀಠದಲ್ಲಿದ್ದ ಲಲಿತ್ ಅವರನ್ನೇ ನೋಡಿ. 2019ರ ಜನವರಿ 10ರಂದು ಅಯೋಧ್ಯೆ ಪ್ರಕರಣದ ಐವರ ಪೀಠದಲ್ಲಿ ಅವರು ಕೂತಿದ್ದರು. ಹಿಂದೆ ವಕೀಲರಾಗಿದ್ದಾಗ ಅಯೋಧ್ಯೆಗೆ ಸಂಬಂಧಿಸಿದ ಒಂದು ಪ್ರಕರಣದಲ್ಲಿ ಕಲ್ಯಾಣ್ ಸಿಂಗ್ ಅವರ ಪರ ನಿಂತಿದ್ದನ್ನು ಹಿರಿಯ ವಕೀಲ ರಾಜೀವ್ ಧವನ್ ಎತ್ತಿ ಹೇಳಿದರು, ವಿಚಾರಣೆ ಶುರುವಾಗುವ ಮೊದಲೇ. ಲಲಿತ್ ಆ ದಿನವೇ ಹಿಂದೆ ಸರಿದರು. ಜಗಲಿಯ ಮೇಲೆ ಆದಂತೆಯೇ ಆಯಿತು.

ನೀರಿನ ಕೇಸುಗಳಲ್ಲೂ ಸರಿದವರಿದ್ದಾರೆ. 2021ರ ಆಗಸ್ಟ್‌ನಲ್ಲಿ ಆಂಧ್ರ–ತೆಲಂಗಾಣದ ಕೃಷ್ಣಾ ತಕರಾರು ಬಂದಾಗ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರು, ತಾವು ಎರಡೂ ರಾಜ್ಯಗಳಿಗೆ ಸೇರಿದವರು, ಸಂಧಾನವಾದರೆ ಸಹಾಯ ಮಾಡುತ್ತೇನೆ, ತೀರ್ಪೇ ಬೇಕಾದರೆ ಬೇರೆ ಪೀಠಕ್ಕೆ ಹೋಗಲಿ ಎಂದರು. ಆಂಧ್ರ ತೀರ್ಪೇ ಬೇಕೆಂದಿತು, ಅವರು ಸರಿದರು. 2022ರ ಜನವರಿಯಲ್ಲಿ ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣಗಳ ಕೃಷ್ಣಾ ವ್ಯಾಜ್ಯ ಡಿ.ವೈ. ಚಂದ್ರಚೂಡ್ ಮತ್ತು ಎ.ಎಸ್. ಬೋಪಣ್ಣ ಅವರ ಮುಂದೆ ಬಂತು. ಒಬ್ಬರು ಮಹಾರಾಷ್ಟ್ರದವರು, ಇನ್ನೊಬ್ಬರು ನಮ್ಮ ಕೊಡಗಿನವರು, ಕಾವೇರಿ ಹುಟ್ಟುವ ನಾಡಿನವರು. ಇಬ್ಬರೂ ತಮ್ಮ ರಾಜ್ಯದ ಕಾರಣ ಹೇಳಿ ಎದ್ದರು.

ಕೆಲವು ಗೆಳೆಯರು ಇದನ್ನು ಒಪ್ಪುವುದಿಲ್ಲ. ಜಡ್ಜು ಹುಟ್ಟಿದೂರಿಗೆ ಅಂಟಿಕೊಂಡೇ ಇರುತ್ತಾನೆ ಎಂದು ಒಪ್ಪಿಕೊಂಡಂತಲ್ಲವೇ ಎನ್ನುತ್ತಾರೆ. ಕಾಯಿದೆಯೂ ಊರು ಕೇಳುವುದಿಲ್ಲ ಎಂದು ತೋರಿಸುತ್ತಾರೆ. ಅಂತರರಾಜ್ಯ ಜಲವಿವಾದ ಕಾಯಿದೆ 1956ರದು. ನ್ಯಾಯಮಂಡಳಿಯ ಮೂವರು ಸುಪ್ರೀಂ ಕೋರ್ಟಿನ ಅಥವಾ ಹೈಕೋರ್ಟಿನ ನ್ಯಾಯಾಧೀಶರಾಗಿರಬೇಕು, ಮುಖ್ಯ ನ್ಯಾಯಮೂರ್ತಿ ಅವರನ್ನು ಹೆಸರಿಸಬೇಕು ಎನ್ನುತ್ತದೆ. ನನ್ನ ಮಟ್ಟಿಗೆ, ಹುಟ್ಟಿದೂರು ಒಂದೇ ಕಾರಣವಾಗಿ ಯಾರನ್ನೂ ಎಬ್ಬಿಸಬಾರದು. ಆದರೆ ಸೋತು ಮನೆಗೆ ಹೋಗುವವನ ದೃಷ್ಟಿಯಿಂದ ನೋಡಿ ನ್ಯಾಯಾಧೀಶರು ತಾವೇ ಎದ್ದರೆ, ಕಾರಣವನ್ನು ಬಾಯಿಬಿಟ್ಟು ಹೇಳಿ ಎದ್ದರೆ, ಅದು ಮುಂದಿನ ಪೀಠದ ತೀರ್ಪಿಗೆ ಬಲ ಕೊಡುತ್ತದೆ. ಎಷ್ಟೋ ಸಲ ಕಾರಣವನ್ನೇ ಹೇಳದೆ, ‘ನನ್ನ ಮುಂದೆ ಬೇಡ’ ಎಂಬ ಒಂದು ಸಾಲಿನಲ್ಲಿ ಸರಿದುಬಿಡುತ್ತಾರೆ. ಇದು ನನಗೆ ಸರಿಬರುವುದಿಲ್ಲ. 2015ರಲ್ಲಿ ನ್ಯಾಯಾಂಗ ನೇಮಕಾತಿ ಆಯೋಗದ ಪ್ರಕರಣದಲ್ಲಿ ಕುರಿಯನ್ ಜೋಸೆಫ್ ಅವರು, ಸರಿಯುವ ನ್ಯಾಯಾಧೀಶರು ಕಾರಣ ಹೇಳಬೇಕು ಎಂದೇ ಬರೆದರು. ಈ ಬಗ್ಗೆ ಪಾಲಿಸಲೇಬೇಕಾದ ಕಟ್ಟುನಿಟ್ಟಿನ ನಿಯಮ ನಮ್ಮ ಕಾಯಿದೆ ಪುಸ್ತಕದಲ್ಲಿ ಇನ್ನೂ ಇಲ್ಲ. ಬರಬೇಕು. ಸರಿಯಿರಿ ಎಂದು ಕೇಳುವವನೂ ಕಾರಣವನ್ನು ಮೊದಲೇ ಬರೆದು ಕೊಡಬೇಕು. ಇಲ್ಲದಿದ್ದರೆ ದುಡ್ಡಿದ್ದವನು ತನಗೆ ಬೇಡದ ಜಡ್ಜನ್ನೆಲ್ಲ ಒಬ್ಬೊಬ್ಬರನ್ನಾಗಿ ಎಬ್ಬಿಸಿ, ಬೇಕಾದವರು ಬರುವ ತನಕ ಕಾಯುತ್ತಾನೆ. ಕೊನೆ ಗದ್ದೆಯವನಿಗೆ ಅಷ್ಟು ಕಾಯುವ ತ್ರಾಣವಿಲ್ಲ.

2023ರಲ್ಲಿ ಮತ್ತೆ ಮಳೆ ಹೋಯಿತು. ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ದಿನಕ್ಕೆ 5,000 ಕ್ಯೂಸೆಕ್ ಬಿಡಿ ಎಂದಿತ್ತು. ಸೆಪ್ಟೆಂಬರ್ 21ಕ್ಕೆ ಸುಪ್ರೀಂ ಕೋರ್ಟಿನ ಮೂವರ ಪೀಠ ಅದರಲ್ಲಿ ಕೈಹಾಕುವುದಿಲ್ಲ ಎಂದಿತು. ಮಂಡ್ಯದಲ್ಲಿ ಧರಣಿ ನಡೆಯುತ್ತಿತ್ತು. ದೊಡ್ಡಪ್ಪನಿಗೆ ಕಾಲು ಸ್ವಾಧೀನ ಇರಲಿಲ್ಲ, ಆದರೂ ಟೆಂಪೋದಲ್ಲಿ ಬಂದು ಶಾಮಿಯಾನದ ಕೆಳಗೆ ಕುರ್ಚಿ ಹಾಕಿಸಿಕೊಂಡಿದ್ದರು. ನನ್ನನ್ನು ಕಂಡು ಕೈಸನ್ನೆ ಮಾಡಿದರು.

ಪಕ್ಕದಲ್ಲಿದ್ದವರೊಬ್ಬರು ಜಡ್ಜುಗಳು ಯಾವ ಕಡೆಯವರು ಎಂದು ಶುರುಮಾಡಿದರು. ದೊಡ್ಡಪ್ಪ ತಡೆದರು. "ಅದಿರ್ಲಿ. ಆ ಪ್ರಾಧಿಕಾರ ಅಂತಾರಲ್ಲ, ಅದ್ರಲ್ಲಿ ಯಾರ್ಯಾರವ್ರೆ?"

ಕೇಂದ್ರದ ಅಧಿಕಾರಿಗಳಿದ್ದಾರೆ, ನಾಲ್ಕೂ ಕಡೆಯವರೂ ಇದ್ದಾರೆ, ನಮ್ಮ ರಾಜ್ಯದವರು, ತಮಿಳುನಾಡಿನವರು, ಕೇರಳದವರು, ಪುದುಚೇರಿಯವರು ಎಂದೆ.

"ಅಂದ್ರೆ ತೂಬಿನ್ ಕೆಳುಗ್ಲೋರೆಲ್ಲ ಕೂತವ್ರೆ. ಎದುರಾ ಎದುರೇ."

"ಹೌದು ದೊಡ್ಡಪ್ಪ."

"ಕೂರ್ಲಿ, ಅದು ಮರೆಮಾಚಿದ್ದಲ್ಲ. ನಮ್ಮೋರು ಅಲ್ಲಿ ಯಾವ್ ಲೆಕ್ಕ ಇಟ್ರು? ಕೊನೆ ಭಾಗದ್ ಗದ್ದೆ ಎಷ್ಟು ಒಣಗದೆ ಅಂತ ಬರ್ದವ್ರಾ? ಅದುನ್ನ ಕನ್ನಡದಲ್ಲಿ ಓದಿ ಯೋಳು."

ಆದೇಶದ ಪ್ರತಿ ನನ್ನ ಮೊಬೈಲಿನಲ್ಲಿತ್ತು. ಕನ್ನಡಕ ಹಾಕಿಕೊಂಡು, ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸುತ್ತ ಓದಲು ಶುರುಮಾಡಿದೆ. ಮೈಕಿನ ಗಲಾಟೆಗೆ ಕೇಳಿಸುತ್ತಿಲ್ಲವೆಂದು ಹತ್ತಿರ ಬಂದವರು ನಾಲ್ಕೈದು ಜನ. ಅಂಕಿ ಬಂದಲ್ಲೆಲ್ಲ ದೊಡ್ಡಪ್ಪ ನಿಲ್ಲಿಸಿ, ಇನ್ನೊಂದು ಸಲ ಓದು ಎನ್ನುತ್ತಿದ್ದರು.